ಮೇಯೋ ಕೌಂಟಿಗೆ ಹೊರಟಿದ್ದೇವೆ, ಮಗಳನ್ನು ಗೇಲಿಕ್ ಫುಟ್ಬಾಲಿಗೆ ಸೇರಿಸಬೇಕಾ?

ಕೊಡೆ ಮರೆತವನು:
ಎಲ್ಲರಿಗೂ ನಮಸ್ಕಾರ. ಮೂರು ವರ್ಷದಿಂದ ಡಬ್ಲಿನ್‌ನಲ್ಲಿದ್ದೇವೆ. ಈಗ ಹೆಂಡತಿಗೆ ಕಾಸಲ್‌ಬಾರ್‌ನಲ್ಲಿ ನರ್ಸ್ ಕೆಲಸ ಸಿಕ್ಕಿದೆ. ನನ್ನದು ಮನೆಯಿಂದಲೇ ಕೆಲಸ. ಹಾಗಾಗಿ ಬರುವ ತಿಂಗಳು ಗಂಟುಮೂಟೆ ಕಟ್ಟಿಕೊಂಡು ಐರ್ಲೆಂಡ್‌ನ ಪಶ್ಚಿಮದ ಮೂಲೆಗೆ, ಮೇಯೋ ಕೌಂಟಿಗೆ (ಕೌಂಟಿ ಅಂದರೆ ನಮ್ಮ ಜಿಲ್ಲೆ ಥರ), ಹೊರಟಿದ್ದೇವೆ. ಮನೆ ನೋಡಲು ಹೋದಾಗ ದಾರಿಯುದ್ದಕ್ಕೂ ಹಸಿರು-ಕೆಂಪು ಬಾವುಟ. ಮನೆ ಗೇಟಿಗೆ, ಟ್ರ್ಯಾಕ್ಟರಿಗೆ, ಒಂದು ಕಡೆ ಕುರಿ ಕೊಟ್ಟಿಗೆಗೂ ಕಟ್ಟಿದ್ದರು. ಚುನಾವಣೆ ಇರಬೇಕು ಅಂದುಕೊಂಡೆ. ಪೆಟ್ರೋಲ್ ಬಂಕ್‌ನಲ್ಲಿ ವಿಚಾರಿಸಿದರೆ ಕೌಂಟಿಯ ಗೇಲಿಕ್ ಫುಟ್ಬಾಲ್ ಟೀಮಿನ ಬಣ್ಣವಂತೆ. ಕಪ್ ಯಾವಾಗ ಗೆದ್ದರು ಅಂತ ಕೇಳಿದೆ. "1951" ಅಂದ. ನಗಲೂ ಇಲ್ಲ.

ಮಗಳಿಗೆ ಎಂಟು ವರ್ಷ. ಹೊಸ ಶಾಲೆಯಿಂದ ಬಂದ ಕಾಗದಗಳ ಜೊತೆ ಊರಿನ ಗೇಲಿಕ್ ಕ್ಲಬ್‌ಗೆ ಸೇರುವ ಫಾರಂ ಕೂಡ ಇದೆ. ನನಗೆ ಗೊತ್ತಿರುವುದು ಕ್ರಿಕೆಟ್ ಮಾತ್ರ. ಸೇರಿಸಬೇಕಾ? ಪೆಟ್ಟು ಬೀಳುವ ಆಟವಾ? ಹಾಗೇ ಅಲ್ಲಿ ನೋಡುವಂಥದ್ದು ಏನಿದೆ, ಮಳೆ ನಿಜವಾಗಲೂ ಅಷ್ಟೊಂದಾ, ಗೊತ್ತಿದ್ದವರು ಹೇಳಿ.

ಕಾಸಲ್‌ಬಾರ್ ಅಕ್ಕ:
ಹನ್ನೊಂದು ವರ್ಷದಿಂದ ಇಲ್ಲಿದ್ದೇನೆ. ಮೊದಲು ಸೇರಿಸಿ, ಆಮೇಲೆ ಯೋಚಿಸಿ.

ಆಟ ಹೀಗೆ. ದೊಡ್ಡವರಲ್ಲಿ ತಂಡಕ್ಕೆ 15 ಜನ. ಚೆಂಡನ್ನು ಕೈಯಲ್ಲೂ ಹಿಡಿಯಬಹುದು, ಕಾಲಲ್ಲೂ ಒದೆಯಬಹುದು. ಆದರೆ ಹಿಡಿದುಕೊಂಡು ನಾಲ್ಕು ಹೆಜ್ಜೆಗಿಂತ ಜಾಸ್ತಿ ಓಡುವಂತಿಲ್ಲ. ನೆಲಕ್ಕೆ ಪುಟಿಸಬೇಕು, ಇಲ್ಲಾ ಕಾಲ್ಬೆರಳಿಂದ ಚಿಮ್ಮಿಸಿ ಮತ್ತೆ ಕೈಗೆ ತಂದುಕೊಳ್ಳಬೇಕು. ಎರಡು ಸಲ ಸಾಲಾಗಿ ಪುಟಿಸುವಂತಿಲ್ಲ. ಗೋಲು ಕಂಬ ಇಂಗ್ಲಿಷ್ ಎಚ್ ಅಕ್ಷರದ ಹಾಗೆ ಇರುತ್ತೆ. ಅಡ್ಡಪಟ್ಟಿಯ ಕೆಳಗೆ ಬಲೆಗೆ ಹೋದರೆ ಗೋಲು, ಅಂದರೆ 3 ಪಾಯಿಂಟ್. ಮೇಲಿಂದ ಹೋದರೆ 1. 2025ರಿಂದ ಗಂಡಸರ ಆಟದಲ್ಲಿ 40 ಮೀಟರ್ ಗೆರೆಯ ಆಚೆಯಿಂದ ಒದ್ದು ಮೇಲಿಂದ ದಾಟಿಸಿದರೆ 2 ಪಾಯಿಂಟ್. ಗೋಲಿನ ಪಕ್ಕ ಬಿಳಿ ಕೋಟು ಹಾಕಿಕೊಂಡು ನಿಂತಿರುವ ಹಿರಿಯರು ಬಾವುಟ ಬೀಸುತ್ತಾರೆ, ಗೋಲಿಗೆ ಹಸಿರು, ಪಾಯಿಂಟಿಗೆ ಬಿಳಿ. ಮೊದಲ ಸಲ ನೋಡಿದಾಗ ನನಗೆ ಇವರು ಹಾಲಿನ ಡೈರಿಯವರಾ ಅನ್ನಿಸಿತ್ತು.

ಪೆಟ್ಟು ಬೀಳಲ್ಲ ಅಂತ ಸುಳ್ಳು ಹೇಳಲ್ಲ. ಬೀಳುತ್ತೆ. ಹಲ್ಲಿಗೆ ಗಮ್ ಶೀಲ್ಡ್ ಕಡ್ಡಾಯ, ಅದಿಲ್ಲದೆ ಮೈದಾನಕ್ಕೆ ಬಿಡಲ್ಲ. ಸಣ್ಣ ಮಕ್ಕಳಿಗೆ ಪುಟ್ಟ ಮೈದಾನ, ಕಡಿಮೆ ಮಕ್ಕಳು, ಎಲ್ಲರಿಗೂ ಆಡಲು ಅವಕಾಶ. ಆ ವಯಸ್ಸಿಗೆ ಕಪ್ಪು-ಫೈನಲ್ಲು ಅಂತ ಏನೂ ಇಲ್ಲ.

ನಾನು ಸೇರಿಸಿ ಅನ್ನೋದಕ್ಕೆ ಕಾರಣ ಆಟ ಅಲ್ಲ. ಇಲ್ಲಿ ಕ್ಲಬ್ ಅಂದರೇನೇ ಊರು. ಮಗ ಸೇರಿದ ಮೇಲೆ ಒಂದೇ ತಿಂಗಳಲ್ಲಿ ನನಗೆ ಪ್ಲಂಬರ್ ಸಿಕ್ಕಿದ, ಮಗು ನೋಡಿಕೊಳ್ಳುವವರು ಸಿಕ್ಕಿದರು, ಯಾರ ಮನೆಯ ಬಾವಿ ನೀರು ಚೆನ್ನಾಗಿದೆ ಅಂತಲೂ ಗೊತ್ತಾಯಿತು. ಅದಕ್ಕೂ ಮುಂಚೆ ಎರಡು ವರ್ಷ ಪಕ್ಕದ ಮನೆಯವರ ಹೆಸರೂ ನನಗೆ ಗೊತ್ತಿರಲಿಲ್ಲ.

ಕೊನೇ ಓವರ್:
1951ರಿಂದ ಗೆದ್ದಿಲ್ಲ, ಆದರೂ ಬಾವುಟ ಇಳಿಸಿಲ್ಲ. ಗುರು, ಇದು ನಮ್ಮ ಆರ್‌ಸಿಬಿ ಕಥೆನೇ! ಈ ಸಲ ಕಪ್ ನಮ್ದೇ 😀 ನಾವು ಬರೀ 18 ವರ್ಷ ಕಾದಿದ್ದಕ್ಕೇ ಅಷ್ಟೊಂದು ಅತ್ತಿದ್ದೀವಿ.

ಹಳೇ ಸೈಕಲ್:
ನಾನೂ ಮೊದಲು ಹಾಗೇ ಅಂದುಕೊಂಡಿದ್ದೆ. ಆದರೆ ಸ್ವಲ್ಪ ದಿನ ಇದ್ದರೆ ಆ ಹೋಲಿಕೆ ನಿಲ್ಲಲ್ಲ. ಆರ್‌ಸಿಬಿ ಹರಾಜಿನಲ್ಲಿ ಕೊಂಡ ಟೀಮು. ಈ ವರ್ಷ ನಮ್ಮವನಾದವ ಮುಂದಿನ ವರ್ಷ ಚೆನ್ನೈಗೆ ಆಡ್ತಾನೆ. ಮೇಯೋಗೆ ಆಡುವವನು ಮೇಯೋದ ಯಾವುದಾದರೂ ಊರಿನ ಕ್ಲಬ್‌ನಿಂದ ಬಂದವನೇ ಆಗಿರುತ್ತಾನೆ. ಸಂಬಳ ಇಲ್ಲ. ಭಾನುವಾರ ಡಬ್ಲಿನ್‌ನ ಕ್ರೋಕ್ ಪಾರ್ಕ್‌ನಲ್ಲಿ 82 ಸಾವಿರ ಜನರ ಮುಂದೆ ಫೈನಲ್ ಆಡಿದವನು ಆ ವಾರವೇ ಶಾಲೆಯಲ್ಲಿ ಪಾಠ ಮಾಡಬೇಕು, ಇಲ್ಲಾ ಸೈಟಿನಲ್ಲಿ ಸಿಮೆಂಟು ಕಲಸಬೇಕು. ಸೋತಿದ್ದಕ್ಕೆ ಬೈಯೋಣ ಅಂದರೆ ಅವನು ನಿಮ್ಮ ಮಗುವಿನ ಮೇಷ್ಟ್ರು!

ಮತ್ತೆ ಈ ಸೋಲು ಎಂಥದ್ದು ಅಂತ ಕೇಳಿ. 1951 ಆದಮೇಲೆ ಫೈನಲ್‌ಗೇ ಬರದೆ ಇದ್ದಿದ್ದರೆ ಜನ ಮರೆತುಬಿಡ್ತಿದ್ದರು. ಇವರು ಬರುತ್ತಾರೆ. 1989, 1996, 1997, 2004, 2006, 2012, 2013, 2016, 2017, 2020, 2021. ಹನ್ನೊಂದು ವರ್ಷ ಫೈನಲ್, ಹನ್ನೊಂದೂ ಸೋಲು. ಅದರಲ್ಲಿ 1996, 2013, 2016, 2017, ನಾಲ್ಕು ಸಲ ಒಂದೇ ಒಂದು ಪಾಯಿಂಟಿನಿಂದ. 2016ರಲ್ಲಿ ಮೊದಲ ಪಂದ್ಯ ಸಮ ಆಯಿತು. ಆ ಪಂದ್ಯದಲ್ಲಿ ಡಬ್ಲಿನ್‌ಗೆ ಸಿಕ್ಕ ಎರಡೂ ಗೋಲು ಮೇಯೋದವರೇ ತಮ್ಮ ಬಲೆಗೆ ಹಾಕಿಕೊಂಡಿದ್ದು. ಮತ್ತೆ ಆಡಿಸಿದರು, ಒಂದು ಪಾಯಿಂಟಿನಿಂದ ಸೋತರು. 2017ರಲ್ಲಿ ಕೊನೇ ಗಳಿಗೆ, ಸ್ಕೋರು ಸಮ, ಡಬ್ಲಿನ್‌ನ ಡೀನ್ ರಾಕ್ ಫ್ರೀ ಕಿಕ್ ಒದೆಯಲು ಓಡಿ ಬರುತ್ತಿದ್ದಾನೆ. ಮೇಯೋದ ಲೀ ಕೀಗನ್ ಏನು ಮಾಡಬೇಕು ಅಂತ ತೋಚದೆ ತನ್ನ ಬನಿಯನ್ನಿನಲ್ಲಿದ್ದ, ಓಟ ಅಳೆಯುವ ಜಿಪಿಎಸ್ ಯಂತ್ರ ಕಿತ್ತು ಚೆಂಡಿನ ಕಡೆ ಎಸೆದ. ಚೆಂಡು ಆದರೂ ಕಂಬದ ನಡುವೆಯೇ ಹೋಯಿತು. ತಪ್ಪು ಅನ್ನಿ, ಸರಿ ಅನ್ನಿ. ನನಗಂತೂ ಆ ಎಸೆತದಲ್ಲಿ ಇಡೀ ಕೌಂಟಿ ಕಾಣಿಸುತ್ತೆ.

ಕೊನೇ ಓವರ್:
ಸರಿ ಅಣ್ಣ, ಹೋಲಿಕೆ ವಾಪಸ್ ತಗೊಂಡೆ. ಜಿಪಿಎಸ್ ಎಸೆದಿದ್ದು ಮಾತ್ರ ಸೂಪರ್.

ಕಾಸಲ್‌ಬಾರ್ ಅಕ್ಕ:
ಹೆಣ್ಣುಮಕ್ಕಳ ಲೆಕ್ಕ ಯಾರೂ ಹೇಳಲ್ಲ ನೋಡಿ. ಮೇಯೋ ಹೆಂಗಸರ ತಂಡ 1999, 2000, 2002, 2003ರಲ್ಲಿ ಆಲ್ ಐರ್ಲೆಂಡ್, ಅಂದರೆ ಇಡೀ ದೇಶದ ಕಪ್, ಗೆದ್ದಿದೆ. ಐದು ವರ್ಷದಲ್ಲಿ ನಾಲ್ಕು ಕಪ್. ಕೋರಾ ಸ್ಟಾಂಟನ್ ಅಂತ ಇಲ್ಲಿಯವಳೇ, ಆಮೇಲೆ ಆಸ್ಟ್ರೇಲಿಯಾಗೂ ಹೋಗಿ ಅಲ್ಲಿನ ಫುಟ್ಬಾಲ್ ಲೀಗ್ ಆಡಿದಳು. ಆದರೂ "ಮೇಯೋ ಗೆದ್ದು ಎಷ್ಟು ವರ್ಷವಾಯ್ತು" ಅಂತಲೇ ಎಲ್ಲರ ಪ್ರಶ್ನೆ. ನಿಮ್ಮ ಮಗಳಿಗೆ ಇದನ್ನೇ ಮೊದಲು ಹೇಳಿ.

ಕೊಡೆ ಮರೆತವನು:
ಇದು ಗೊತ್ತೇ ಇರಲಿಲ್ಲ ಅಕ್ಕ. ಆಫೀಸಿನಲ್ಲಿ ಒಬ್ಬರು ಮೇಯೋಗೆ ಶಾಪ ಇದೆ ಅಂದರು. ತಮಾಷೆನಾ?

ಕಾಸಲ್‌ಬಾರ್ ಅಕ್ಕ:
ಕಥೆ ಇದು. 1951ರಲ್ಲಿ ಗೆದ್ದು ಬರುವಾಗ ಆಟಗಾರರ ಲಾರಿ ಫಾಕ್ಸ್‌ಫರ್ಡ್ ಊರಿನ ಮೂಲಕ ಹಾದು ಬಂತಂತೆ. ಅಲ್ಲಿ ಯಾರದೋ ಅಂತ್ಯಕ್ರಿಯೆ ನಡೆಯುತ್ತಿತ್ತು. ಇವರು ನಿಲ್ಲಲಿಲ್ಲ, ಕೂಗಾಡಿಕೊಂಡೇ ಹೋದರು. ಪಾದ್ರಿಗೆ ಸಿಟ್ಟು ಬಂದು, ಈ ತಂಡದ ಕೊನೆಯವನು ಸಾಯುವವರೆಗೂ ಮೇಯೋ ಇನ್ನೊಂದು ಕಪ್ ಗೆಲ್ಲಲ್ಲ ಅಂದರಂತೆ. ಆ ತಂಡದ ಕೊನೆಯವರು ಪ್ಯಾಡಿ ಪ್ರೆಂಡರ್ಗಾಸ್ಟ್. ತೀರಿಕೊಂಡಿದ್ದು 2021ರ ಸೆಪ್ಟೆಂಬರ್ ಕೊನೆಯಲ್ಲಿ. ಅದೇ ತಿಂಗಳು, ಅದಕ್ಕೆ ಎರಡು ವಾರ ಮುಂಚೆ, ಮೇಯೋ ಟೈರೋನ್ ಎದುರು ಫೈನಲ್ ಸೋತಿತ್ತು.

ಮೂಗುದಾರ:
ಶಾಪನೂ ಇಲ್ಲ, ಪಾಪನೂ ಇಲ್ಲ. ಅಂಥದ್ದೊಂದು ನಡೆಯಿತು ಅನ್ನೋದಕ್ಕೆ ಆ ಕಾಲದ ಪುರಾವೆ ಯಾರೂ ತೋರಿಸಿಲ್ಲ. ಪ್ರೆಂಡರ್ಗಾಸ್ಟ್ ಅವರೇ ಇದನ್ನ ನಂಬಲಿಲ್ಲ. ಹತ್ತಿರದಲ್ಲೇ ಸುಲಭದ ಕಾರಣ ಇದೆ. ಮೇಯೋ ಚೆನ್ನಾಗಿ ಆಡಿದ ಕಾಲದಲ್ಲೇ ಡಬ್ಲಿನ್ 2015ರಿಂದ 2020ರವರೆಗೆ ಸಾಲಾಗಿ ಆರು ಕಪ್ ಗೆದ್ದಿತು. ಹತ್ತು ಲಕ್ಷಕ್ಕೂ ಜಾಸ್ತಿ ಜನ ಇರುವ ಕೌಂಟಿ ಅದು. ಮೇಯೋದಲ್ಲಿ ಇರೋದು ಸುಮಾರು 1 ಲಕ್ಷ 38 ಸಾವಿರ. ಪಾದ್ರಿಯನ್ನ ಯಾಕೆ ಎಳೀತೀರಿ?

ಹಳೇ ಸೈಕಲ್:
ಲೆಕ್ಕ ಸರಿ. ಆದರೆ ಅದೇ ಮೇಯೋದಲ್ಲಿ 1841ರಲ್ಲಿ ಸುಮಾರು 3 ಲಕ್ಷ 89 ಸಾವಿರ ಜನ ಇದ್ದರು. ಆಲೂಗಡ್ಡೆ ಬೆಳೆಗೆ ರೋಗ ಬಂದು ಬರಗಾಲ ಬಿತ್ತು. ಸತ್ತವರು ಸತ್ತರು, ಉಳಿದವರು ಹಡಗು ಹತ್ತಿದರು. ಮೇಯೋ ಆಡುವ ಕನಾಟ್ ಪ್ರಾಂತ್ಯದ ಟೂರ್ನಿಯಲ್ಲಿ ಲಂಡನ್ ಮತ್ತು ನ್ಯೂಯಾರ್ಕ್ ಕೂಡ ಒಂದೊಂದು ತಂಡ! ತಮಾಷೆಯಲ್ಲ, ನಿಜ. ಬಿಟ್ಟು ಹೋದವರಿಗೂ ಒಂದು ಕೌಂಟಿ ಬೇಕಲ್ಲ. ಹಾಗಾಗಿ ಮೇಯೋ ಕೆಲವು ವರ್ಷ ಮೊದಲ ಪಂದ್ಯ ಆಡಲು ಅಮೆರಿಕಕ್ಕೆ ವಿಮಾನ ಹತ್ತುತ್ತೆ. 2011ರಲ್ಲಂತೂ ಲಂಡನ್ ತಂಡವೇ ಇವರನ್ನ ಹೆಚ್ಚುವರಿ ಸಮಯದವರೆಗೂ ಎಳೆದುಕೊಂಡು ಹೋಗಿತ್ತು.

ಕ್ರಿಕೆಟ್ ಬಗ್ಗೆ. ಕಾಸಲ್‌ಬಾರ್ ಊರ ನಡುವೆ ಮಾಲ್ ಅಂತ ಒಂದು ಹುಲ್ಲುಮೈದಾನ ಇದೆ. ಶಾಪಿಂಗ್ ಮಾಲ್ ಅಲ್ಲ. ಮರಗಳ ಸಾಲು, ಬೆಂಚು, ಅಷ್ಟೇ. ಅದು ಒಂದು ಕಾಲಕ್ಕೆ ಜಮೀನ್ದಾರ ಲಾರ್ಡ್ ಲೂಕನ್‌ನ ಕ್ರಿಕೆಟ್ ಮೈದಾನ. ಬರಗಾಲದ ವರ್ಷಗಳಲ್ಲಿ ಗೇಣಿ ಕೊಡಲಾಗದ ಸಾವಿರಾರು ಜನರನ್ನು ಒಕ್ಕಲೆಬ್ಬಿಸಿದ್ದು ಅದೇ ಮನೆತನ. ಅದೇ ಮಾಲ್ ಪಕ್ಕದ ಹೋಟೆಲಿನಲ್ಲಿ 1879ರ ಆಗಸ್ಟ್‌ನಲ್ಲಿ ಮೈಕಲ್ ಡೇವಿಟ್ ಮತ್ತು ಸಂಗಡಿಗರು ಮೇಯೋದ ಲ್ಯಾಂಡ್ ಲೀಗ್ ಕಟ್ಟಿದರು. ಉಳುವವನಿಗೇ ಭೂಮಿ ಅನ್ನುವ ಹೋರಾಟ. ಮರುವರ್ಷ ಲಾಕ್ ಮಾಸ್ಕ್ ಸರೋವರದ ಪಕ್ಕದ ಎಸ್ಟೇಟಿನಲ್ಲಿ ಏಜೆಂಟನಾಗಿದ್ದ ಒಬ್ಬ ಕ್ಯಾಪ್ಟನ್‌ಗೆ ಊರಿನ ಯಾರೂ ಕೆಲಸ ಮಾಡಲ್ಲ, ಸಾಮಾನು ಕೊಡಲ್ಲ, ಮಾತೂ ಆಡಲ್ಲ ಅಂತ ತೀರ್ಮಾನ ಆಯಿತು. ಅವನ ಬೆಳೆ ಕೊಯ್ಯಲು ಹೊರಗಿಂದ ಐವತ್ತು ಆಳು ಬಂದರು, ಅವರ ಕಾವಲಿಗೆ ಸುಮಾರು ಸಾವಿರ ಜನ ಸೈನಿಕರು, ಪೊಲೀಸರು. ಬೆಳೆಯ ಬೆಲೆಗಿಂತ ಕಾವಲಿನ ಖರ್ಚು ಎಷ್ಟೋ ಪಟ್ಟು ಜಾಸ್ತಿ. ಅವನ ಹೆಸರು ಚಾರ್ಲ್ಸ್ ಬಾಯ್ಕಾಟ್. ನಮ್ಮ ಪೇಪರಿನಲ್ಲಿ ದಿನಾ ಬರುವ ಪದ ಹುಟ್ಟಿದ್ದು ಇಲ್ಲಿ.

ಲ್ಯಾಂಡ್ ಲೀಗ್ ಹುಟ್ಟಿ ಐದು ವರ್ಷಕ್ಕೆ, 1884ರಲ್ಲಿ, ಗೇಲಿಕ್ ಆಟಗಳ ಸಂಘ ಹುಟ್ಟಿತು. ಆ ಸಂಘದ ಸದಸ್ಯರು ಕ್ರಿಕೆಟ್, ರಗ್ಬಿ, ಸಾಕರ್, ಹಾಕಿ ಆಡುವಂತಿಲ್ಲ ಅನ್ನುವ ನಿಯಮ 1971ರವರೆಗೂ ಇತ್ತು. ನೋಡಿದರೂ ಸಂಘದಿಂದ ಹೊರಗೆ. ಅವರ ಕಣ್ಣಿಗೆ ಕ್ರಿಕೆಟ್ ಅಂದರೆ ಲಾರ್ಡ್ ಲೂಕನ್. ಈಗ ಯಾರೂ ಏನೂ ಅನ್ನಲ್ಲ, ಬ್ಯಾಟ್ ತನ್ನಿ. ಬ್ಯಾಲಿಹಾನಿಸ್ ಕಡೆ ಹಲಾಲ್ ಮಾಂಸದ ಕಾರ್ಖಾನೆಯಿಂದಾಗಿ ಪಾಕಿಸ್ತಾನದ ಕುಟುಂಬಗಳು ಬಹಳ ವರ್ಷದಿಂದ ಇವೆ. ಅಷ್ಟು ಸಣ್ಣ ಊರಿನಲ್ಲಿ 1987ರಲ್ಲೇ ಮಸೀದಿ ಕಟ್ಟಿದ್ದಾರೆ. ನಿಮಗೆ ಬೌಲರ್ ಸಿಗೋದು ಕಷ್ಟವಿಲ್ಲ.

ಘಟಪ್ರಭಾ:
ಎಲ್ಲಾ ಓದಿದೆ, ಚಲೋ ಅನ್ನಿಸ್ತು. ಆದರೆ ಒಂದು ಮಾತು ಕೇಳಲೇಬೇಕು. ನಮ್ಮ ಬೆಳಗಾವಿ ಕಡೆ ಮನೆಯವರಿಗೆ ಐರ್ಲೆಂಡಿನ ಪಶ್ಚಿಮ ಅಂದರೆ ನೆನಪಾಗೋದು ಒಂದೇ ಹೆಸರು, ಸವಿತಾ ಹಾಲಪ್ಪನವರ. ಗರ್ಭಪಾತ ಕೇಳಿದರೂ ಆಸ್ಪತ್ರೆಯವರು ಮಾಡದೆ ತೀರಿಹೋದ ನಮ್ಮ ಕಡೆಯ ಹುಡುಗಿ. 2012, ಗಾಲ್ವೆ. ಮೇಯೋದ ಪಕ್ಕದ ಕೌಂಟಿ. ನಾನು ಇಲ್ಲಿಗೆ ಬರುತ್ತೇನೆ ಅಂದಾಗ ನಮ್ಮವ್ವ ಎರಡು ದಿನ ಊಟ ಬಿಟ್ಟಿದ್ದಳು.

ಕಾಸಲ್‌ಬಾರ್ ಅಕ್ಕ:
ಕೇಳಬೇಕಾದ್ದೇ. ಆಗ ನಾನು ಇಲ್ಲಿರಲಿಲ್ಲ, 2018ರಲ್ಲಿ ಇದ್ದೆ. ಗರ್ಭಪಾತ ನಿಷೇಧ ತೆಗೆಯಬೇಕಾ ಅಂತ ಮೇ 25ರಂದು ಇಡೀ ದೇಶ ಮತ ಹಾಕಿತು. ಮೂರರಲ್ಲಿ ಎರಡು ಪಾಲು ತೆಗೆಯಿರಿ ಅಂದರು. ಬೇಡ ಅಂದಿದ್ದು ಡೊನೆಗಾಲ್ ಕ್ಷೇತ್ರ ಒಂದೇ. ಚರ್ಚಿನ ಮಾತು ಇಷ್ಟು ನಡೆಯುವ ಮೇಯೋ ಕೂಡ ತೆಗೆಯಿರಿ ಅಂತಲೇ ಹಾಕಿತು. ಆ ವಾರ ಅಂಗಡಿಯಲ್ಲಿ ಒಬ್ಬ ಅಜ್ಜಿ ನನ್ನ ಮುಖ ನೋಡಿ, ನೀನು ಆ ಹುಡುಗಿಯ ಊರಿನ ಕಡೆಯವಳಾ ಅಂತ ಕೇಳಿದರು. ಹೌದು ಅಂದೆ. ಕೈ ಹಿಡಿದುಕೊಂಡರು, ಮತ್ತೇನೂ ಹೇಳಲಿಲ್ಲ. ನಿಮ್ಮ ಅವ್ವನಿಗೆ ಇದನ್ನೂ ಹೇಳಿ.

ತುಂಗೆಯ ದಡ:
ನೋಡುವ ಜಾಗ ಅಂದರೆ ಮೊದಲು ಕ್ರೋಕ್ ಪ್ಯಾಟ್ರಿಕ್ ಬೆಟ್ಟ. ಊರವರ ಬಾಯಲ್ಲಿ ಬರೀ ರೀಕ್. 764 ಮೀಟರ್, ಸಮುದ್ರದ ಪಕ್ಕದಿಂದಲೇ ಎದ್ದು ನಿಂತಿದೆ. ಸಂತ ಪ್ಯಾಟ್ರಿಕ್ ತುದಿಯಲ್ಲಿ 40 ದಿನ ಉಪವಾಸ ಕೂತಿದ್ದರು ಅನ್ನುವ ನಂಬಿಕೆ. ಜುಲೈ ಕೊನೆಯ ಭಾನುವಾರ ಸಾವಿರಾರು ಜನ ಹತ್ತುತ್ತಾರೆ, ಕೆಲವರು ಬರಿಗಾಲಲ್ಲಿ. ಕೊನೆಯ ಗೋಪುರದಂಥ ಭಾಗ ಕಡಿದು, ಬರೀ ಜಾರುವ ಕಲ್ಲು. ಈಚೆಗೆ ಕಲ್ಲು ಜೋಡಿಸಿ ದಾರಿ ಮಾಡಿದ್ದಾರೆ. ತುದಿಯಿಂದ ಕ್ಲೂ ಕೊಲ್ಲಿಯ ದ್ವೀಪಗಳು ಕಾಣುತ್ತವೆ. ವರ್ಷದ ದಿನಕ್ಕೊಂದರಂತೆ 365 ಅಂತ ಊರವರ ಲೆಕ್ಕ. ಎಣಿಸಲು ಹೋಗಬೇಡಿ.

ಬೆಟ್ಟದ ಬುಡದಲ್ಲಿ ಕಂಚಿನ ಹಡಗಿನ ಸ್ಮಾರಕ ಇದೆ, ಹಗ್ಗದ ಬದಲು ಅಸ್ಥಿಪಂಜರಗಳು. ಬರಗಾಲದಲ್ಲಿ ಓಡಿಹೋದವರ ನೆನಪು. ಸಮಯ ಇದ್ದರೆ ಡೂಲಾಕ್ ಕಣಿವೆಗೂ ಹೋಗಿ. 1849ರಲ್ಲಿ ಹಸಿದ ಜನ ಲೂಯಿಸ್‌ಬರ್ಗ್‌ನಿಂದ ಡೆಲ್ಫಿಯ ಬಂಗಲೆವರೆಗೆ ನಡೆದರು. ಅಧಿಕಾರಿಗಳು ಅಲ್ಲಿಗೇ ಬನ್ನಿ ಅಂದಿದ್ದರಂತೆ. ಅಲ್ಲೂ ಏನೂ ಸಿಗಲಿಲ್ಲ, ವಾಪಸ್ ಬರುವಾಗ ದಾರಿಯಲ್ಲೇ ಎಷ್ಟೋ ಜನ ಬಿದ್ದು ಸತ್ತರು. ಅಲ್ಲಿ ನಿಲ್ಲಿಸಿರುವ ಕಲ್ಲಿನ ಮೇಲೆ ಗಾಂಧೀಜಿಯ ಒಂದು ಮಾತು ಕೆತ್ತಿದ್ದಾರೆ. ಸುತ್ತ ಯಾರೂ ಇರಲಿಲ್ಲ, ಕುರಿ ಬಿಟ್ಟರೆ. ನಾನು ಕಾರು ನಿಲ್ಲಿಸಿ ಸುಮಾರು ಹೊತ್ತು ಸುಮ್ನೆ ನಿಂತಿದ್ದೆ.

ಹಳೇ ಸೈಕಲ್:
ಸೈಕಲ್ ಇದ್ದರೆ ವೆಸ್ಟ್‌ಪೋರ್ಟ್‌ನಿಂದ ಆಕಿಲ್ ದ್ವೀಪದವರೆಗೆ ಗ್ರೀನ್‌ವೇ, ನಲವತ್ತಕ್ಕೂ ಜಾಸ್ತಿ ಕಿಲೋಮೀಟರ್, ಕಾರಿನ ಕಾಟ ಇಲ್ಲ. ಹಳೇ ರೈಲು ಹಳಿಯ ದಾರಿ ಅದು. ಆ ರೈಲಿನ ಕಥೆ ಕೇಳಿದ ಮೇಲೆ ನನಗೆ ಅಲ್ಲಿ ಬೆಲ್ ಹೊಡೆಯಲೂ ಮನಸ್ಸಾಗಲ್ಲ. ಉರಿಯುವ ಚಕ್ರದ ಗಾಡಿ ಬರುತ್ತೆ, ಮೊದಲ ಗಾಡಿ ಮತ್ತು ಕೊನೆಯ ಗಾಡಿ ಹೆಣ ಹೊತ್ತು ತರುತ್ತೆ ಅಂತ ಹಿಂದೆ ಒಬ್ಬ ಕಾಲಜ್ಞಾನಿ ಹೇಳಿದ್ದನಂತೆ. 1894ರ ಜೂನ್‌ನಲ್ಲಿ ಆಕಿಲ್‌ನ ಯುವಕ ಯುವತಿಯರು ಸ್ಕಾಟ್ಲೆಂಡ್‌ಗೆ ಆಲೂಗಡ್ಡೆ ಅಗೆಯುವ ಕೂಲಿಗೆ ಹೊರಟಿದ್ದರು. ಹಡಗು ಹತ್ತಲು ಹೋಗುವಾಗ ಕ್ಲೂ ಕೊಲ್ಲಿಯಲ್ಲಿ ದೋಣಿ ಮಗುಚಿ 32 ಜನ ಮುಳುಗಿದರು. ಹಳಿ ಇನ್ನೂ ಅಧಿಕೃತವಾಗಿ ಶುರುವಾಗಿರಲಿಲ್ಲ. ಹೆಣ ತರಲೆಂದೇ ಮೊದಲ ರೈಲು ಓಡಿಸಿದರು. 1937ರಲ್ಲಿ ಲೈನು ಮುಚ್ಚುವ ಹೊತ್ತಿಗೆ ಸ್ಕಾಟ್ಲೆಂಡ್‌ನ ಕರ್ಕಿಂಟಿಲಾಕ್‌ನಲ್ಲಿ ಅದೇ ಕೂಲಿಗೆ ಹೋಗಿದ್ದ ಆಕಿಲ್‌ನ ಹತ್ತು ಹುಡುಗರು ಮಲಗಿದ್ದ ಕೊಟ್ಟಿಗೆಗೆ ಬೆಂಕಿ ಬಿತ್ತು. ಅವರನ್ನೂ ಊರಿಗೆ ತಂದಿದ್ದು ರೈಲೇ.

ಮೂಗುದಾರ ಅವರೇ, ಕಾಲಜ್ಞಾನ ನಂಬಬೇಡಿ, ಬೇಡ. ಆದರೆ ಆಲೂಗಡ್ಡೆ ಅಗೆಯಲು ಮಕ್ಕಳನ್ನ ಕಳಿಸುತ್ತಿದ್ದ ಊರು ಹಸಿರು-ಕೆಂಪು ಅಂಗಿ ಹಾಕಿದ ತನ್ನ ಹುಡುಗರನ್ನ ನೋಡಲು ಯಾಕೆ ದೇಶದ ಆ ತುದಿಗೆ ಓಡುತ್ತೆ ಅನ್ನೋದು ನನಗೆ ಅರ್ಥ ಆಗಿದ್ದು ಆ ದಾರಿಯಲ್ಲಿ.

ಮೂಗುದಾರ:
ಇದನ್ನ ಒಪ್ಪುತ್ತೇನೆ. ಪಾದ್ರಿಯನ್ನ ಇನ್ನೂ ಒಪ್ಪಿಲ್ಲ.

ಆಕಿಲ್‌ಗೆ ಹೋದರೆ ಡೂಆ ಊರಿನ ಬೀಚ್ ನೋಡಿ, ಇದ್ದರೆ. 1984ರಲ್ಲಿ ಬಿರುಗಾಳಿಗೆ ಮರಳೆಲ್ಲಾ ಹೋಗಿ ಬರೀ ಬಂಡೆ ಉಳಿಯಿತು. 2017ರಲ್ಲಿ ಸಮುದ್ರವೇ ವಾಪಸ್ ತಂದು ಹಾಕಿತು. ಎರಡು ವರ್ಷಕ್ಕೆ ಮತ್ತೆ ಹೊತ್ತೊಯ್ದಿತು. ಕೀಮ್ ಬೀಚ್ ಮಾತ್ರ ಅಲ್ಲೇ ಇರುತ್ತೆ.

ಮಲ್ಪೆ ಮೀನು:
ಮಳೆ ಬಗ್ಗೆ ಯಾರೂ ಉತ್ತರ ಕೊಟ್ಟಿಲ್ಲ ಮಾರಾಯ್ರೆ. ಬೆಲ್ಮಲೆಟ್ ಕಡೆ ವರ್ಷಕ್ಕೆ 1200-1300 ಮಿಲಿಮೀಟರ್. ನಮ್ಮ ಉಡುಪಿಯಲ್ಲಿ ಜುಲೈ ತಿಂಗಳೊಂದರಲ್ಲೇ ಸಾವಿರ ದಾಟುತ್ತೆ. ಹಾಗಂತ ನಗಬೇಡಿ. ನಮ್ಮದು ಸುರಿದು ಹೋಗುವ ಮಳೆ, ಇದು ಹೋಗದ ಮಳೆ. ಅಡ್ಡಡ್ಡ ಬರುತ್ತೆ. ಕೊಡೆ ಸುಮ್ನೆ ದಂಡ. ಒಳ್ಳೇ ಕೋಟು ತಗೊಳ್ಳಿ.

ಒಂದು ಸಂಗತಿ ಇದೆ. ಬೆಲ್ಮಲೆಟ್ ಪಕ್ಕ ಬ್ಲ್ಯಾಕ್‌ಸಾಡ್‌ನಲ್ಲಿ ಪೋಸ್ಟಾಫೀಸಿನ ಹುಡುಗಿ ಮೊರೀನ್ ಫ್ಲಾವಿನ್ 1944ರ ಜೂನ್ ಮೊದಲ ವಾರ ಹವಾಮಾನದ ಅಳತೆ ತೆಗೆದು ಕಳಿಸಿದಳು. ಒತ್ತಡ ಇಳಿಯುತ್ತಿತ್ತು. ಇನ್ನೊಮ್ಮೆ ನೋಡಿ ಅಂತ ಇಂಗ್ಲೆಂಡ್‌ನಿಂದ ಫೋನ್ ಬಂತು. ಆ ಅಳತೆ ನೋಡಿಯೇ ಎರಡನೇ ಮಹಾಯುದ್ಧದ ನಾರ್ಮಂಡಿ ದಾಳಿಯನ್ನು ಒಂದು ದಿನ ಮುಂದೆ ಹಾಕಿದರು. ಅವಳಿಗೆ ಯಾಕೆ ಅಂತ ಗೊತ್ತೇ ಇರಲಿಲ್ಲ. ನೂರು ವರ್ಷ ಬದುಕಿ 2023ರಲ್ಲಿ ತೀರಿಕೊಂಡರು.

ಬಾಡಿಗೆ ಮನೆ:
ಎಲ್ಲರೂ ಬರೀ ಚೆಂದದ್ದೇ ಹೇಳ್ತಿದ್ದೀರಿ. ಬಾಡಿಗೆ ಮನೆ ಸಿಗಲ್ಲ, ಸಿಕ್ಕರೆ ಬೆಲೆ ಡಬ್ಲಿನ್‌ಗಿಂತ ಕಮ್ಮಿ ಅಷ್ಟೇ. ಕಾರಿಲ್ಲದೆ ಏನೂ ಆಗಲ್ಲ. 2025ರ ಜನವರಿಯ ಬಿರುಗಾಳಿಗೆ ನಮ್ಮ ಮನೆಗೆ ಒಂಬತ್ತು ದಿನ ಕರೆಂಟಿರಲಿಲ್ಲ. ಮತ್ತೆ ಕ್ಲಬ್ ಅಂದರೆ ಊರು ಅಂತೀರಿ, ಊರು ಅಂದರೆ ಊರಿನ ರಾಜಕೀಯವೂ ಬರುತ್ತೆ. ನನ್ನ ಮಗ 14 ವರ್ಷದವನಾದ ಮೇಲೆ ಎರಡು ಸೀಸನ್ ಬೆಂಚ್ ಕಾದ. ಕೋಚ್‌ನ ಅಕ್ಕನ ಮಗ ದಿನಾ ಆಡ್ತಿದ್ದ. ಚರ್ಮದ ಬಣ್ಣಕ್ಕಾ, ಸಂಬಂಧಕ್ಕಾ, ಇಲ್ಲಾ ನಿಜಕ್ಕೂ ಇವನ ಆಟ ಸಾಲದಾಗಿತ್ತಾ, ನನಗೆ ಇವತ್ತಿಗೂ ತಿಳಿದಿಲ್ಲ. ಅವನು ಬಿಟ್ಟು ಬ್ಯಾಸ್ಕೆಟ್‌ಬಾಲ್ ಸೇರಿದ.

ಕಾಸಲ್‌ಬಾರ್ ಅಕ್ಕ:
ನಿಮ್ಮ ಮಾತು ಸುಳ್ಳಲ್ಲ. ನಮ್ಮ ಕ್ಲಬ್‌ನಲ್ಲೂ ಅಂಥದ್ದು ನಡೆದಿದೆ. ನಾನು ಕಮಿಟಿಗೆ ಸೇರಿದ್ದೇ ಅದಕ್ಕೆ. ಚಹಾ ಮಾಡಲು ಕರೆದರು, ಕುರ್ಚಿಯಲ್ಲೂ ಕೂತೆ.

ಕೊಡೆ ಮರೆತವನು:
ಎರಡು ತಿಂಗಳಾಯಿತು, ಹೇಳಿಬಿಡೋಣ ಅಂತ ಬಂದೆ. ಮನೆ ಸಿಕ್ಕಿತು, ಊರಿನಿಂದ ಹತ್ತು ಕಿಲೋಮೀಟರ್. ಮಗಳನ್ನ ಸೇರಿಸಿದೆವು. ಮೊದಲ ದಿನ ಗಮ್ ಶೀಲ್ಡ್ ಮರೆತಿದ್ದೆವು, ಪಕ್ಕದಲ್ಲಿ ನಿಂತಿದ್ದ ಅಪ್ಪ ಒಬ್ಬರು ಕಾರಿನ ಡಿಕ್ಕಿಯಿಂದ ಪ್ಯಾಕ್ ಒಡೆಯದ ಹೊಸದೊಂದು ತೆಗೆದು ಕೊಟ್ಟರು, ದುಡ್ಡು ತಗೊಳ್ಳಲಿಲ್ಲ. ಅವಳು ನೆಲದಿಂದ ಚೆಂಡನ್ನ ನೇರ ಕೈಯಲ್ಲೇ ಎತ್ತಿದಳು. ತಪ್ಪು ಅಂತ ನಾನು ಕೂಗಿದೆ. ಹುಡುಗಿಯರ ಆಟದಲ್ಲಿ ಅದು ಸರಿಯಂತೆ, ಗಂಡಸರಿಗೆ ಮಾತ್ರ ಕಾಲ್ಬೆರಳಲ್ಲಿ ಎತ್ತಬೇಕಂತೆ. ಅಪ್ಪಾ ನೀನು ಸುಮ್ನಿರು ಅಂದಳು, ಎಲ್ಲರ ಮುಂದೆ.

ಕಾರಿನಲ್ಲಿ ಬರುವಾಗ ಯಾರು ಗೆದ್ದರು ಅಂತ ಕೇಳಿದೆ. ಇಲ್ಲಿ ಲೆಕ್ಕ ಇಡಲ್ಲ ಅಂದಳು. ಸ್ವಲ್ಪ ಹೊತ್ತು ಬಿಟ್ಟು, ನಾವು ಎರಡು ಪಾಯಿಂಟಿನಿಂದ ಸೋತೆವು ಅಂದಳು.

ಈಗ ಹಸಿರು-ಕೆಂಪು ಜರ್ಸಿ ಬೇಕಂತೆ. ಸೈಜ್ ಹೇಗೆ ತಗೋಬೇಕು?

ಕಾಸಲ್‌ಬಾರ್ ಅಕ್ಕ:
ಎರಡು ಸೈಜ್ ದೊಡ್ಡದು ತಗೊಳ್ಳಿ. ಒಳಗೆ ಸ್ವೆಟರ್ ಹಾಕಬೇಕಲ್ಲ.